ಸಹಾಯ ಬೇಕು: ಕೆನ್ನರ್ ಕಂಪನಿಯ ಹಳೆಯ ಬ್ಯಾಟ್‌ಮನ್ ಗೊಂಬೆಗೆ ಎಷ್ಟು ಬೆಲೆ ಬರಬಹುದು?

ಬಲ್ಲವರು ದಯವಿಟ್ಟು ಹೇಳಿ. ಕೆನ್ನರ್ ಕಂಪನಿ 1984ರಲ್ಲಿ ಆರಂಭಿಸಿದ ಸೂಪರ್ ಪವರ್ಸ್ ಸರಣಿಯ ಬ್ಯಾಟ್‌ಮನ್ ನನ್ನ ಬಳಿ ಇದೆ. ಅಮೆರಿಕದಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟದ್ದು. ಎರಡೂ ಕಾಲುಗಳನ್ನು ಒತ್ತಿದರೆ ಕೈಗಳು ಈಗಲೂ ಗುದ್ದುತ್ತವೆ, ಆದರೆ ಬಲಗೈ ಅರ್ಧಕ್ಕೇ ನಿಲ್ಲುತ್ತದೆ. ಮುಖವಾಡದ ಕಿವಿಗಳ ತುದಿಯಲ್ಲಿ ಬಣ್ಣ ಸವೆದಿದೆ. ರಟ್ಟಿನ ಹೊದಿಕೆಯಾಗಲಿ, ಜೊತೆಗೆ ಬರುತ್ತಿದ್ದ ಪುಟ್ಟ ಕಾಮಿಕ್ಸ್ ಆಗಲಿ ಉಳಿದಿಲ್ಲ.

ಮುಖ್ಯ ಅನುಮಾನ ಬಟ್ಟೆಯ ಕೇಪ್ ಬಗ್ಗೆ. ಈ ಗೊಂಬೆಗಳಿಗೆ ನಕಲಿ ಕೇಪ್‌ಗಳು ಧಾರಾಳವಾಗಿ ಸಿಗುತ್ತವೆ. ನನ್ನದರ ಅಂಚು ನೂಲು ಬಿಟ್ಟಿದೆ, ಕುತ್ತಿಗೆಯ ಪ್ಲಾಸ್ಟಿಕ್ ಕೊಂಡಿ ಮಾತ್ರ ಹೊಸದರಂತೆ ಹೊಳೆಯುತ್ತದೆ! ಅಸಲಿಯೆಂದು ಗುರುತಿಸುವುದು ಹೇಗೆ?

ಒಬ್ಬ ವ್ಯಾಪಾರಿ ಎರಡು ಸಾವಿರಕ್ಕೆ ಕೇಳುತ್ತಿದ್ದಾನೆ. ಅವನ ಅವಸರ ನೋಡಿದರೆ ಕೊಡಲು ಮನಸ್ಸಾಗುತ್ತಿಲ್ಲ. ಕೈಯ ಕೀಲಿಗೆ ಎಣ್ಣೆ ಬಿಡಬಹುದೇ, ಅಥವಾ ಇದ್ದ ಹಾಗೆಯೇ ಬಿಡುವುದು ಲೇಸೇ? ಫೋಟೊ ಹಾಕಿದ್ದೇನೆ.