ತರಂಗಾಂತರ ಹರಾಜಿನ ಹಣ ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ?

ಪ್ರಶ್ನೆ (ಡೊಂಬಿವಲಿ):
2024ರ ಜೂನ್ ಕೊನೆಯಲ್ಲಿ ಮೊಬೈಲ್ ಸಿಗ್ನಲ್ ಸಾಗುವ ತರಂಗಾಂತರಗಳ (ಸ್ಪೆಕ್ಟ್ರಂ) ಸರ್ಕಾರಿ ಹರಾಜು ಮುಗಿದು ಎರಡು ವಾರವೂ ಆಗಿರಲಿಲ್ಲ, ನಮ್ಮ ಮನೆಯ ನಾಲ್ಕೂ ಮೊಬೈಲುಗಳ 28 ದಿನದ ರೀಚಾರ್ಜು 239ರಿಂದ 299 ರೂಪಾಯಿಗೆ ಏರಿತು. ಹರಾಜಿಗೆ ಕಟ್ಟಿದ ಹಣವನ್ನು ಕಂಪನಿಗಳು ಗ್ರಾಹಕರಿಂದಲೇ ವಸೂಲು ಮಾಡುತ್ತವೆ ಎಂದು ಲೋಕಲ್ ಗಾಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಇದು ನಿಜವೇ?

ಉತ್ತರ (ಮಾಟುಂಗಾ):
ಆ ಹರಾಜಿನಿಂದ ಬಂದದ್ದು ಸುಮಾರು 11,340 ಕೋಟಿ ಮಾತ್ರ. 2022ರ 5ಜಿ ಹರಾಜಿನ ಒಂದೂವರೆ ಲಕ್ಷ ಕೋಟಿಯ ಮುಂದೆ ಅದು ಚಿಲ್ಲರೆ. ನಾನು ಹೋಟೆಲಿನ ಗಲ್ಲಾದಲ್ಲಿ ಕುಳಿತು ಕೂದಲು ನರೆಸಿದವನು. ಜಾಗ ಹಿಡಿಯಲು ಮೊದಲೇ ಕೊಟ್ಟ ಇಡಿಗಂಟು, ಅಂದರೆ ಪಗಡಿ, ಎಷ್ಟೇ ಇರಲಿ, ಇಡ್ಲಿಯ ಬೆಲೆಯನ್ನು ಎದುರಿನ ಹೋಟೆಲಿನ ಹಲಗೆ ನೋಡಿಯೇ ಬರೆಯಬೇಕು. 2015ರ ಹರಾಜಿನಲ್ಲಿ ಸುಮಾರು 1.10 ಲಕ್ಷ ಕೋಟಿ ಸುರಿದ ಕಂಪನಿಗಳ ಡೇಟಾ ದರ, 2016ರ ಸೆಪ್ಟೆಂಬರಿನಲ್ಲಿ ಹೊಸ ಕಂಪನಿ ಜಿಯೋ ಕಣಕ್ಕಿಳಿದೊಡನೆ ನೆಲ ಕಚ್ಚಿತಲ್ಲವೇ?

ಉತ್ತರ (ಗೋರೆಗಾಂವ್):
ಪಗಡಿಯ ಹೋಲಿಕೆ ಸರಿಯಾಗಿದೆ, ಆದರೆ ಅರ್ಧಕ್ಕೇ ನಿಂತಿದೆ. ಸಾಲ ಮಾಡಿ ಪಗಡಿ ಕೊಟ್ಟವನು ಪೈಪೋಟಿಯಲ್ಲಿ ಸೋತು ಶಟರ್ ಎಳೆದುಕೊಂಡ ಮೇಲೆ, ಬೀದಿಯಲ್ಲಿ ಉಳಿದ ಇಬ್ಬರು ಮೂವರು ಬೆಲೆ ಏರಿಸಿದರೆ ಕೇಳುವವರಾರು? ಈಗ ಉಳಿದಿರುವ ಖಾಸಗಿ ಕಂಪನಿಗಳು ಮೂರೇ. ಅವುಗಳಲ್ಲಿ ವೊಡಾಫೋನ್ ಐಡಿಯಾ ಕಟ್ಟಲಾಗದ ತರಂಗಾಂತರದ ಬಾಕಿಯಲ್ಲಿ 36,950 ಕೋಟಿಯನ್ನು 2025ರಲ್ಲಿ ಸರ್ಕಾರ ಷೇರಾಗಿ ಬದಲಾಯಿಸಿಕೊಂಡಿತು. ಆ ಕಂಪನಿಯಲ್ಲಿ ಸರ್ಕಾರದ ಪಾಲು ಶೇ. 49ರ ಹತ್ತಿರಕ್ಕೆ ಬಂತು. ಅಂದರೆ ಬೊಕ್ಕಸಕ್ಕೆ ನಗದಿನ ಬದಲು ಬಂದದ್ದು ಷೇರು ಪತ್ರ, ಮತ್ತು ಅದರ ಲಾಭನಷ್ಟ ತೆರಿಗೆ ಕಟ್ಟುವವರ ಹೆಗಲಿಗೆ. ಹಾಗೆಂದು 2008ರಂತೆ ಹರಾಜಿಲ್ಲದೆ ಮೊದಲು ಬಂದವರಿಗೆ ಹಂಚುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಕೊಟ್ಟ 122 ಪರವಾನಗಿಗಳನ್ನು ಸುಪ್ರೀಂ ಕೋರ್ಟ್ 2012ರಲ್ಲಿ ರದ್ದುಪಡಿಸಿತು.

ಉತ್ತರ (ಪಣಜಿ):
ಮಾರಾಟವಾಗದೆ ಉಳಿದದ್ದರ ಲೆಕ್ಕವನ್ನು ಯಾರೂ ಎತ್ತಲಿಲ್ಲ. ದೂರಕ್ಕೂ ಗೋಡೆಯಾಚೆಗೂ ಚೆನ್ನಾಗಿ ತಲುಪುವ 700 ಮೆಗಾಹರ್ಟ್ಸ್ ತರಂಗಾಂತರಕ್ಕೆ ಇಟ್ಟ ಮೂಲಬೆಲೆ ಎಷ್ಟು ಏರಿತ್ತೆಂದರೆ, 2016ರಲ್ಲಿಯೂ 2021ರಲ್ಲಿಯೂ ಅದನ್ನು ಕೊಳ್ಳುವವರೇ ಇರಲಿಲ್ಲ. ಬೆಲೆ ಇಳಿಸಿದ ಮೇಲೆ 2022ರಲ್ಲಿ ಅದರ ಒಂದು ಪಾಲು ಹೋಯಿತು. ಅಷ್ಟು ವರ್ಷ ಬೊಕ್ಕಸಕ್ಕೂ ಕಾಸಿಲ್ಲ, ಗುಡ್ಡಗಾಡಿನವರಿಗೂ ಸಿಗ್ನಲ್ ಇಲ್ಲ. ಅದೊಂದೇ ಕಾರಣವೆನ್ನಲಾರೆ, ಆದರೆ ಊರಿಗೆಂದು ಬೆಳಗಾವಿಯ ಕಡೆಗೆ ಹೊರಟರೆ ಚೋರ್ಲಾ ಘಾಟಿಯ ತಿರುವುಗಳಲ್ಲಿ ನನ್ನ 299ರ ಪ್ಯಾಕು ಇಂದಿಗೂ ಜೇಬಿನಲ್ಲಿ ಸುಮ್ಮನೆ ಮಲಗಿರುತ್ತದೆ.