ಮಗು ಯಾರ ಹತ್ತಿರ ಇರಬೇಕು ಅಂತ ಕೋರ್ಟಲ್ಲಿ ಡೇಟ್ ಮೇಲೆ ಡೇಟ್. ಮೀಡಿಯೇಷನ್‌ನಿಂದ ಪ್ರಯೋಜನ ಇದೆಯಾ?

ಹಾಸನದ ಅಕ್ಕ:
ನನ್ನ ತಮ್ಮ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಅವನ ಹೆಂಡತಿ ಮಗಳನ್ನು ಕರ್ಕೊಂಡು ಹಾಸನದ ತವರಿಗೆ ಬಂದು ಒಂದು ವರ್ಷದ ಮೇಲಾಯಿತು. ಇವನು ಅಲ್ಲಿ ಡಿವೋರ್ಸ್‌ಗೆ ಹಾಕಿದ್ದಾನೆ, ಅವಳು ಇಲ್ಲಿ ಜೀವನಾಂಶಕ್ಕೆ ಹಾಕಿದ್ದಾಳೆ. ಮಗು ಒಂದನೇ ಕ್ಲಾಸು. ಹೊಡೆತ ಬಡಿತ ಏನೂ ಇರಲಿಲ್ಲ, ಇಬ್ಬರಿಗೂ ಹೊಂದಲಿಲ್ಲ ಅಷ್ಟೇ.

ಮೊನ್ನೆ ಮಾರ್ಕೆಟ್‌ನಲ್ಲಿ ಮಗು ಕಂಡಳು. ‘ಅತ್ತೆ’ ಅಂತ ಓಡಿ ಬರಲು ಹೊರಟವಳು ತಾಯಿಯ ಮುಖ ನೋಡಿ ಅಲ್ಲೇ ನಿಂತುಬಿಟ್ಟಳು. ನನಗೆ ಊಟ ಸೇರಲಿಲ್ಲ. ತಮ್ಮನ ಹೆಂಡತಿಯ ಮೇಲೂ ನನಗೆ ಕೋಪವಿಲ್ಲ, ಒಳ್ಳೆ ಹುಡುಗಿ.

ಮೀಡಿಯೇಷನ್‌ಗೆ ಹೋಗೋಣ, ಮಧ್ಯಸ್ಥಗಾರರ ಎದುರು ಕೂತು ಮಾತಾಡಿ ಬಗೆಹರಿಸಿಕೊಳ್ಳೋಣ ಅಂದರೆ ತಮ್ಮನಿಗೆ ಯಾರೋ ‘ನೀನಾಗಿ ಕೇಳಿದರೆ ಸೋತ ಹಾಗೆ’ ಅಂತ ತಲೆಗೆ ತುಂಬಿದ್ದಾರೆ. ಇದು ನಿಜವಾ? ತಿಳಿದವರು ಹೇಳಿ.

ವಕೀಲ, ಮಧ್ಯಸ್ಥಗಾರ (ಬೆಂಗಳೂರು):
ಸೋಲಿನ ಮಾತೇ ಇಲ್ಲ ಅಕ್ಕಾ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ರಾಜಿಗೆ ಅವಕಾಶ ಇರುವ ಕಡೆ ಮೊದಲು ಅದಕ್ಕೆ ಪ್ರಯತ್ನ ಮಾಡುವುದು ಕೋರ್ಟಿನದೇ ಕೆಲಸ. ತಮ್ಮ ಕೇಳದಿದ್ದರೂ ನ್ಯಾಯಾಧೀಶರೇ ಕಳಿಸಬಹುದು. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ರಾಜಿ ಮುರಿದರೂ ಅದನ್ನು ಕೇಸಿನಲ್ಲಿ ಎತ್ತುವ ಹಾಗಿಲ್ಲ.

ಕೋರ್ಟ್ ಹಾಲ್‌ನಲ್ಲಿ ಕೂತು ನೋಡಿದರೆ ನಿಮಗೇ ಗೊತ್ತಾಗುತ್ತದೆ. ಬೆಳಗಿನ ಪಟ್ಟಿ ಉದ್ದ ಇರುತ್ತದೆ. ಒಂದು ಸಂಸಾರಕ್ಕೆ ಸಿಗುವುದು ಕೆಲವೇ ನಿಮಿಷ. ಒಬ್ಬರ ವಕೀಲರು ಬಂದಿಲ್ಲ ಅಂದರೆ ಮುಂದಿನ ಡೇಟ್. ನ್ಯಾಯಾಧೀಶರು ಎಷ್ಟೇ ಒಳ್ಳೆಯವರಿದ್ದರೂ ನಿಮ್ಮ ಮಗು ಸಂಜೆ ಎಷ್ಟು ಹೊತ್ತಿಗೆ ಹೋಂವರ್ಕ್ ಮುಗಿಸುತ್ತದೆ ಅಂತ ಕೇಳುವ ಬಿಡುವು ಅವರಿಗೆ ಎಲ್ಲಿದೆ? ಮೀಡಿಯೇಷನ್ ಕೋಣೆಯಲ್ಲಿ ಆ ಬಿಡುವು ಇದೆ. ಬೆಂಗಳೂರಲ್ಲಿ ಇದಕ್ಕೆಂದೇ 2007ರಿಂದ ಕೇಂದ್ರವಿದೆ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ. ಕೇಸ್ ಹಾಕುವ ಮುಂಚೆಯೇ ಮಾತಾಡಬೇಕು ಅನ್ನುವವರು ಅವರವರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು.

ನಾನು ಬೇಡಿಕೊಳ್ಳುವುದು ಒಂದೇ. ಮಗುವಿನ ವಿಷಯ ಮೊದಲು ಎತ್ತಿಕೊಳ್ಳಿ, ದುಡ್ಡಿನದು ಆಮೇಲೆ. ‘ಜೀವನಾಂಶ ಕಮ್ಮಿ ಮಾಡಿದರೆ ಮಗು ತೋರಿಸ್ತೀನಿ’, ‘ಮಗು ತೋರಿಸಿದರೆ ದುಡ್ಡು ಹಾಕ್ತೀನಿ’ ಅನ್ನುವುದು ಶುರುವಾಯಿತೋ, ಮುಗೀತು. ಮಗು ಚೌಕಾಸಿಯ ಸಾಮಾನಾಗಿಬಿಡುತ್ತದೆ.

ನಾನು ಶಾಲೆಯ ಕ್ಯಾಲೆಂಡರನ್ನೇ ಮೇಜಿನ ಮೇಲೆ ಹರಡುತ್ತೇನೆ. ಶನಿವಾರ ಅರ್ಧ ದಿನ ಸ್ಕೂಲು, ಮಧ್ಯಾಹ್ನ ಯಾರು ಕರೆದುಕೊಂಡು ಬರುತ್ತಾರೆ? ಭಾನುವಾರ ಸಂಜೆ ಎಷ್ಟು ಗಂಟೆಗೆ ವಾಪಸ್, ಯಾರ ಬಾಗಿಲಿಗೆ? ದಸರಾ ರಜೆ ಯಾರ ಜೊತೆ, ಏಪ್ರಿಲ್-ಮೇ ರಜೆ ಹೇಗೆ ಹಂಚಿಕೆ? ವಿಡಿಯೊ ಕಾಲ್ ಎಷ್ಟು ಹೊತ್ತಿಗೆ? ಜ್ವರ ಬಂದರೆ ಯಾರು ಯಾರಿಗೆ ಹೇಳಬೇಕು? ಹೀಗೆ ಬಿಡಿಸಿ ಬರೆದದ್ದು ಉಳಿಯುತ್ತದೆ. ‘ತಂದೆಗೆ ಆಗಾಗ ಮಗುವನ್ನು ತೋರಿಸತಕ್ಕದ್ದು’ ಅಂತ ಒಂದು ಸಾಲು ಬರೆದರೆ ಆ ‘ಆಗಾಗ’ ಹಿಡಿದುಕೊಂಡು ಮತ್ತೆ ಕೋರ್ಟಿಗೆ ಬರುತ್ತಾರೆ.

ಕಾನೂನಿನ ಲೆಕ್ಕದಲ್ಲೂ ಇಲ್ಲಿ ಯಾರಿಗೂ ಗ್ಯಾರಂಟಿ ಗೆಲುವಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯಲ್ಲಿ 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಅಂತಿದೆ. ನಿಮ್ಮ ಮಗು ಅದನ್ನು ದಾಟಿದೆ. ಇನ್ನು ನೋಡುವುದು ಮಗುವಿನ ಹಿತ ಮಾತ್ರ. ಅಪ್ಪನ ಸಂಬಳ, ಅಮ್ಮನ ಸಿಟ್ಟು ಎಲ್ಲ ಆಮೇಲೆ.

ಒಬ್ಬ ಅಪ್ಪ, ತುಮಕೂರು:
ನಮ್ಮದು ಹೀಗೇ ಇತ್ಯರ್ಥ ಆಯಿತು. ಒಪ್ಪಂದದಲ್ಲಿ ಒಂದು ಸಾಲು ಸೇರಿಸಿದ್ದು ತುಂಬಾ ಉಪಯೋಗಕ್ಕೆ ಬಂತು: ಒಬ್ಬರಿಗೊಬ್ಬರು ಹೇಳುವ ಯಾವ ಸುದ್ದಿಯನ್ನೂ ಮಗುವಿನ ಬಾಯಲ್ಲಿ ಹೇಳಿ ಕಳಿಸಬಾರದು. ಫೀಸ್ ಕಟ್ಟಿಲ್ಲ ಅನ್ನುವುದನ್ನು ನನ್ನ ಮಗ ನನಗೆ ಹೇಳುವಾಗ ಅವನ ಮುಖ ನೋಡಲು ಆಗುತ್ತಿರಲಿಲ್ಲ. ಈಗ ಮೆಸೇಜ್ ನೇರ ನನಗೇ ಬರುತ್ತದೆ.

ಮತ್ತೆ, ಎರಡೂ ಕಡೆಯ ಅಜ್ಜಿ ತಾತನನ್ನು ಆ ಕೋಣೆಯಿಂದ ದೂರ ಇಡಿ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ಮದುವೆ ಖರ್ಚಿನ ಮಾತು ತೆಗೆದೇ ತೆಗೆಯುತ್ತಾರೆ.

ಸಾಂತ್ವನ ಕೇಂದ್ರದಲ್ಲಿದ್ದವಳು:
ಈ ಅಕ್ಕನ ಮನೆಯ ಮಾತು ಬೇರೆ. ಆದರೆ ಇದನ್ನು ಓದುವ ಬೇರೆ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ‘ಮಗುವಿಗೋಸ್ಕರ ರಾಜಿ ಮಾಡಿಕೊ’ ಅನ್ನುವ ಒತ್ತಡಕ್ಕೆ ಬಗ್ಗಬೇಡಿ. ಗಂಡನ ಎದುರು ಬಾಯಿ ಬಿಡಲು ಭಯವಾದರೆ ಬೇರೆಯಾಗಿ ಮಾತಾಡಬೇಕು ಅಂತ ಮಧ್ಯಸ್ಥಗಾರರನ್ನು ಕೇಳಿ, ಅದಕ್ಕೆ ಅವಕಾಶವಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮಗುವಿನ ತಾತ್ಕಾಲಿಕ ಕಸ್ಟಡಿಯನ್ನೂ ಕೇಳಬಹುದು. ತುರ್ತಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ.

ಹಾಸನದ ಅಕ್ಕ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಶನಿವಾರದ ಮಾತಾದರೆ ಆಡೋಣ’ ಅಂದ. ಅವಳಿಗೂ ನಾನೇ ಫೋನ್ ಮಾಡಿದೆ, ಇಲ್ಲ ಅನ್ನಲಿಲ್ಲ. ಸರ್, ಎಲ್ಲದಕ್ಕೂ ಒಪ್ಪಿಕೊಂಡರೆ ಮತ್ತೆ ಆರು ತಿಂಗಳು ಕಾಯಬೇಕಂತೆ, ಹೌದಾ?

ವಕೀಲ, ಮಧ್ಯಸ್ಥಗಾರ (ಬೆಂಗಳೂರು):
ಪರಸ್ಪರ ಒಪ್ಪಿಗೆಯ ಡಿವೋರ್ಸ್ ಅರ್ಜಿಗೆ ಕಾನೂನಿನಲ್ಲಿ 6 ತಿಂಗಳು ಅಂತ ಇರುವುದು ನಿಜ. ಕಾಯಲೇಬೇಕು ಅಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ಮಗು ಮತ್ತು ಜೀವನಾಂಶದ ವಿಷಯ ನಿಜವಾಗಿ ಬಗೆಹರಿದಿರಬೇಕು. ಆ 6 ತಿಂಗಳನ್ನು ಬಿಡುವುದು ಬಿಡದಿರುವುದು ನ್ಯಾಯಾಧೀಶರ ವಿವೇಚನೆ. ಮುಂದಿನ ಡೇಟ್‌ನಲ್ಲಿ ಮೀಡಿಯೇಷನ್‌ಗೆ ಕಳಿಸಿ ಅಂತ ತಮ್ಮನ ವಕೀಲರಿಂದ ಒಂದು ಮೆಮೊ ಹಾಕಿಸಿ. ಬರುವಾಗ ಶಾಲೆಯ ರಜೆ ಪಟ್ಟಿ ಮರೆಯದೆ ತರಲಿ.