ಡಿಸ್ಚಾರ್ಜ್ ಆದ ಮೇಲೆ ಮನೆಗೆ ಹೋಗುವವರು ಯಾರು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ವಾರ್ಡ್ ಮೆಂಬರ್ ಕೇಳಿದ್ದು:
ಆತ್ಮಹತ್ಯೆ ತಡೆಯಲು ನಮ್ಮ ಪಂಚಾಯತಿನಲ್ಲಿ ಆರೋಗ್ಯ, ಪೊಲೀಸ್, ಅಬಕಾರಿ, ಶಾಲೆ, ಕುಟುಂಬಶ್ರೀ (ಮಹಿಳೆಯರ ಸ್ವಸಹಾಯ ಸಂಘ) ಎಲ್ಲರನ್ನೂ ಸೇರಿಸಿ ಸಮಿತಿ ಮಾಡಬೇಕೆಂದಿದ್ದೇವೆ. ಮೀಟಿಂಗ್ ಕರೆದರೆ ಎಲ್ಲರೂ ಬರುತ್ತಾರೆ, ಚಾ ಕುಡಿದು ಹೋಗುತ್ತಾರೆ. ಕೆಲಸ ಆಗಬೇಕಾದರೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ.

ನಿವೃತ್ತ ಹೆಲ್ತ್ ಇನ್‌ಸ್ಪೆಕ್ಟರ್, ಪೆರ್ಲ:
ಮೆಂಬರೇ, ಸಮಿತಿ ಆಮೇಲೆ. ಮೊದಲು ಒಂದು ವಿಷಯ ತೀರ್ಮಾನಿಸಿ. ಪ್ರಯತ್ನ ಮಾಡಿ ಬದುಕಿ ಉಳಿದವರು ಆಸ್ಪತ್ರೆಯಿಂದ ಮನೆಗೆ ಬಂದ ವಾರ ಅವರನ್ನು ಹೋಗಿ ನೋಡುವವರು ಯಾರು? ಮತ್ತೆ ಅಪಾಯ ಜಾಸ್ತಿ ಇರುವುದು ಆ ಮೊದಲ ವಾರಗಳಲ್ಲೇ.

ನಮ್ಮಲ್ಲಿ ಇದು ಇನ್ನೂ ಕಷ್ಟ. ಸೀರಿಯಸ್ ಅಂದರೆ ಜನ ಮಂಗಳೂರಿಗೆ ಓಡುತ್ತಾರೆ. ತಲಪಾಡಿ ದಾಟಿದರೆ ಬೇರೆ ರಾಜ್ಯ, ಬೇರೆ ಇಲಾಖೆ. ಅಲ್ಲಿನ ಡಾಕ್ಟರಿಗೆ ನಮ್ಮ ಆರೋಗ್ಯ ಕೇಂದ್ರ ಯಾವುದೆಂದು ಗೊತ್ತಿರುವುದಿಲ್ಲ. ನಮ್ಮ ಜಿಲ್ಲಾ ಮಾನಸಿಕ ಆರೋಗ್ಯ ತಂಡಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಪೊಲೀಸರಿಗೆ ಮಾತ್ರ ಕಾಗದ ಹೋಗುತ್ತದೆ!

ನಾವು ಆರೋಗ್ಯ ಕೇಂದ್ರದ ಒಬ್ಬ ನರ್ಸ್ ಹೆಸರು, ಫೋನ್ ನಂಬರ್ ಬರೆದ ಚೀಟಿ ಮಾಡಿ ಮಂಗಳೂರಿನ ಆಸ್ಪತ್ರೆಗಳ ಸೋಶಿಯಲ್ ವರ್ಕರ್‌ಗಳಿಗೆ ಕೊಟ್ಟು ಬಂದೆವು. ಚೀಟಿಯಲ್ಲಿ ರೋಗಿಯ ಮನೆಮಾತು ಬರೆಯಲು ಜಾಗ ಇಟ್ಟಿದ್ದೆವು. ಎಣ್ಮಕಜೆ ಗ್ರಾಮದ ಒಳಗಿನ, ಮಲಯಾಳಂ ಬಾರದ ಅಜ್ಜಿಗೆ ಮಲಯಾಳಂ ಮಾತ್ರ ಬರುವ ಕೌನ್ಸಿಲರ್ ಸಿಕ್ಕಿದರೆ ಏನು ಪ್ರಯೋಜನ ಹೇಳಿ. ನರ್ಸ್ ವರ್ಗವಾದಾಗ ಬದಲಿ ಹೆಸರು ಯಾರು ಕಳಿಸಬೇಕು ಅನ್ನುವುದನ್ನೂ ಬರೆದಿಡಿ. ಇಂಥ ಏರ್ಪಾಡು ನಿಂತುಹೋಗುವುದು ಅಲ್ಲೇ.

ಮಂಗಳೂರಿನ ಆಸ್ಪತ್ರೆಯೊಂದರ ಸೋಶಿಯಲ್ ವರ್ಕರ್:
ಚೀಟಿ ಒಳ್ಳೆಯದೇ ಸರ್, ಆದರೆ ರೋಗಿಯ ಒಪ್ಪಿಗೆ ಇಲ್ಲದೆ ನಾವು ಯಾರಿಗೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗುಟ್ಟು ಕಾಪಾಡುವ ಹಕ್ಕು ಕೊಟ್ಟಿದೆ. ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಕೇಳಬೇಡಿ, ಹಿಂದಿನ ದಿನವೇ ಕೇಳಿ. ಅವರೆದುರೇ ನರ್ಸ್‌ಗೆ ಫೋನ್ ಮಾಡಿ, ಇಬ್ಬರೂ ಮಾತಾಡಲಿ. ಒಮ್ಮೆ ದನಿ ಕೇಳಿದವರಿಗೆ ಬಾಗಿಲು ತೆಗೆಯುತ್ತಾರೆ. ಪಂಚಾಯತ್ ವಾಟ್ಸಾಪ್ ಗ್ರೂಪಿಗೆ ಮಾತ್ರ ಹೆಸರು ಹಾಕಲೇಬೇಡಿ.

ನಿವೃತ್ತ ಪೊಲೀಸ್:
ಜನ ಇನ್ನೂ ಕೇಸಿಗೆ ಹೆದರಿ ಸುಳ್ಳು ಹೇಳುತ್ತಾರೆ. ಆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಇಲ್ಲ. ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಪ್ರಯತ್ನವನ್ನೇ ಅಪರಾಧ ಎಂದಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ಅಧಿಕಾರಿಯ ಕೆಲಸ ತಡೆಯಲು ಅಥವಾ ಅವರನ್ನು ಒತ್ತಾಯಿಸಿ ಕೆಲಸ ಮಾಡಿಸಲು ಹಾಗೆ ಮಾಡಿದರೆ ಮಾತ್ರ ಕೇಸು. ಹೇಳಿಕೆ ತೆಗೆಯಲು ಜೀಪಿನಲ್ಲಿ ಹೋಗದೆ, ಜನಮೈತ್ರಿ (ಊರವರ ಜೊತೆ ಬೆರೆತು ಕೆಲಸ ಮಾಡುವ ಪೊಲೀಸ್ ಯೋಜನೆ) ಬೀಟಿನವರು ಮಫ್ತಿಯಲ್ಲಿ ಹೋದರೆ ಸಾಕು. ಅಂಗಳದಲ್ಲಿ ಜೀಪ್ ನಿಂತರೆ ಊರೆಲ್ಲ ಸುದ್ದಿ, ಅಲ್ವಾ?

ಪಾಲಿಯೇಟಿವ್ ನರ್ಸ್ (ದೀರ್ಘ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುವವರು):
ಇದಕ್ಕೇ ನಾನು ಹೇಳುವುದು, ಹೊಸಬರನ್ನು ಕಳಿಸಬೇಡಿ. ನಾವು ಹೇಗೂ ಮನೆ ಮನೆಗೆ ಹೋಗುತ್ತೇವೆ, ಯಾಕೆ ಬಂದಿರಿ ಅಂತ ನೆರೆಯವರು ಕೇಳುವುದಿಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ ಮಕ್ಕಳ ತಾಯಂದಿರನ್ನೂ ಮರೆಯಬೇಡಿ. ಮಗುವಿಗೆ ಮಾತ್ರೆ ಸಿಗುತ್ತದೆ, ಪಿಂಚಣಿ ಬರುತ್ತದೆ. ಅಮ್ಮ ನಿದ್ದೆ ಮಾಡಿದಳಾ ಅಂತ ಕೇಳುವವರಿಲ್ಲ. 'ನಾನು ಹೋದರೆ ಇವನ ಗತಿ ಏನು' ಎಂಬ ಮಾತು ಕೇಳಿದರೆ ಸುಮ್ನೆ ಸಮಾಧಾನ ಹೇಳಿ ಬರಬೇಡಿ. ಸಾಯಬೇಕು ಅಂತ ಅನಿಸುತ್ತದಾ ಅಂತ ನೇರ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಹೈಸ್ಕೂಲ್ ಟೀಚರ್, ಮಂಜೇಶ್ವರ:
ಮೆಂಬರೇ, ಒಂದು ಸೂಕ್ಷ್ಮ. ಶಾಲೆಯ ಕೌನ್ಸಿಲರ್ ಶಿಕ್ಷಣ ಇಲಾಖೆಯವರಲ್ಲ, ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯವರು. ಎಇಒಗೆ (ಸಹಾಯಕ ಶಿಕ್ಷಣಾಧಿಕಾರಿಗೆ) ಮಾತ್ರ ಪತ್ರ ಬರೆದರೆ ಅವರಿಗೆ ಮುಟ್ಟುವುದಿಲ್ಲ. ಕುಡಿತ ಬಿಡಿಸುವ ವಿಮುಕ್ತಿ ಅಬಕಾರಿಯವರದು, ಹೆಂಗಸರ ಸಹಾಯ ಕೇಂದ್ರ ಸ್ನೇಹಿತಾ ಕುಟುಂಬಶ್ರೀಯದು. ಮೊದಲು ಯಾರು ಯಾರ ಕೈಕೆಳಗೆ ಅಂತ ಒಂದು ಪಟ್ಟಿ ಮಾಡಿಕೊಳ್ಳಿ.

ಸಹಕಾರಿ ಬ್ಯಾಂಕ್ ನೌಕರ:
ನಮ್ಮನ್ನು ಯಾರೂ ಕರೆಯುವುದೇ ಇಲ್ಲ. ಜಪ್ತಿ ನೋಟಿಸ್ ಹಿಡಿದು ಮೊದಲು ಮನೆಗೆ ಹೋಗುವವರು ನಾವು. ನೋಟಿಸಿನ ಕೆಳಗೆ ಸಹಾಯವಾಣಿ ನಂಬರ್ ಹಾಕಿಸಿ.

ಹೆಲ್ತ್ ಇನ್‌ಸ್ಪೆಕ್ಟರ್ ಮತ್ತೆ:
ಒಳ್ಳೆಯ ಮಾತು. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡವೂ ಇದೆ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056. ಮೆಂಬರೇ, ಮೊದಲ ಮೀಟಿಂಗಿಗೆ ಮಂಗಳೂರಿನವರನ್ನೂ ಬ್ಯಾಂಕಿನವರನ್ನೂ ಕರೆಯಿರಿ. ಭಾಷಣ ಬೇಡ, ನಂಬರ್ ಬದಲಾಯಿಸಿಕೊಂಡು ಏಳಿ.